ನ್ಯೂಟ್ರಲ್‌ಗೆ ಬರದ ಹಳೇ ಸ್ಟರ್ನ್‌ಡ್ರೈವ್: ದಾವಣಗೆರೆಯಲ್ಲಿ ಬಿಚ್ಚಿಟ್ಟುಕೊಂಡು ಕೂತಿದ್ದೇನೆ

ಪಿಬಿ ರಸ್ತೆ ಗ್ಯಾರೇಜು · ಶನಿವಾರ ರಾತ್ರಿ

ಮೊದಲೇ ಹೇಳಿಬಿಡುತ್ತೇನೆ, ನಗಬೇಡಿ. ದಾವಣಗೆರೆಯ ನನ್ನ ಶೆಡ್ಡಿನೊಳಗೆ ಟ್ರೇಲರ್ ಸಮೇತ ಒಂದು ಬೋಟ್ ನಿಂತಿದೆ. ಕಾರವಾರದಲ್ಲಿರುವ ನಮ್ಮ ಚಿಕ್ಕಪ್ಪನ ಮಗ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡದ್ದು. 1989ರ ಮಾಡೆಲ್, 3 ಲೀಟರಿನ 4 ಸಿಲಿಂಡರ್ ಪೆಟ್ರೋಲ್ ಎಂಜಿನ್, ಹಿಂದೆ ಮರ್ಕ್ರೂಸರ್ ಆಲ್ಫಾ ಒನ್ ಡ್ರೈವ್, ಮೊದಲನೇ ತಲೆಮಾರಿನದು. ಸ್ಟರ್ನ್‌ಡ್ರೈವ್ ಅಂದರೆ ಎಂಜಿನ್ ಬೋಟಿನ ಒಳಗೆ, ಗೇರು ಮತ್ತು ಪ್ರೊಪೆಲ್ಲರ್ ಇರುವ ಡ್ರೈವ್ ಹಿಂದೆ ಹೊರಗೆ. ಅಲ್ಲಿ ಇಬ್ಬರು ನೋಡಿ ಕೈ ಬಿಟ್ಟರಂತೆ. "ಅಣ್ಣ, ನೀನು ಲಾರಿ ಗೇರ್‌ಬಾಕ್ಸನ್ನೇ ಬಿಚ್ಚಿ ಜೋಡಿಸ್ತೀಯ, ಇದೇನು ಮಹಾ" ಅಂತ ಎಳೆದುಕೊಂಡು ಬಂದು ನಿಲ್ಲಿಸಿ ಹೋದ.

ತೊಂದರೆ ಇಷ್ಟು. ಫಾರ್ವರ್ಡ್‌ಗೆ ಬೀಳುತ್ತದೆ. ವಾಪಸ್ ನ್ಯೂಟ್ರಲ್‌ಗೆ ಎಳೆಯಲು ಹೋದರೆ ಲಿವರ್ ಗುಂಡುಕಲ್ಲಿನ ಹಾಗೆ ಕೂತುಬಿಡುತ್ತದೆ. ಜೋರಾಗಿ ಎಳೆದರೆ ಎಂಜಿನ್ ಬಂದ್. ಐದು ಸಲ ಮಾಡಿದರೆ ಮೂರು ಸಲ ಹೀಗೇ. ಇನ್ನೊಂದು, ನೀರಲ್ಲಿ ಜಾಸ್ತಿ ಎಕ್ಸಲರೇಟರ್ ಕೊಟ್ಟರೆ ಹಿಂದಿನಿಂದ ಕಟಕಟ ಶಬ್ದ ಬರುತ್ತದಂತೆ. ಅದನ್ನು ನಾನು ಕೇಳಿಲ್ಲ, ಅವನು ಹೇಳಿದ್ದು.

ನನ್ನ ಅಂದಾಜು, ಗೇರ್ ಹಲ್ಲು ಸವೆದಿದೆ. ಕೆಳಗಿನ ಗೇರ್‌ಕೇಸ್ ಬಿಚ್ಚೋಣ ಅಂತಿದ್ದೇನೆ. ಇಂಥದ್ದು ಮಾಡಿದವರು ಯಾರಾದರೂ ಇದ್ದೀರಾ?

ಗಿರ್ಮಿಟ್ · ಶನಿವಾರ ರಾತ್ರಿ

ಟ್ರಯಲ್ ಎಲ್ಲಿ? ಕುಂದವಾಡ ಕೆರೆಯಲ್ಲಾ? ವಾಕಿಂಗ್ ಬರುವವರಿಗೆ ಟಿಕೆಟ್ ಇಡಿ.

ಹಿರಿಯೂರು ಹಿನ್ನೀರು · ಭಾನುವಾರ ಬೆಳಿಗ್ಗೆ

ಗೇರ್‌ಕೇಸ್ ಮುಟ್ಟಬೇಡಿ. ಈಗಲೇ ಬೇಡ.

ನಾನು ಗೋವಾದ ಬೋಟ್‌ಯಾರ್ಡ್‌ಗಳಲ್ಲಿ 14 ವರ್ಷ ಇದೇ ಕೆಲಸ ಮಾಡಿ ಊರಿಗೆ ಬಂದವನು. ನೀವು ಹೇಳಿದ ಮೊದಲ ಲಕ್ಷಣ ಇದ್ದರೆ ಹತ್ತಕ್ಕೆ ಎಂಟು ಸಲ ತಪ್ಪು ಗೇರಿನದ್ದಲ್ಲ, ಕೇಬಲ್ಲಿನದ್ದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಆಗುತ್ತದೆ, ನೋಡಿ ಮಾಡಿ.

ಇದರಲ್ಲಿ ಲಾರಿ ತರಹ ಕ್ಲಚ್ ಪೆಡಲ್ ಇಲ್ಲ. ಕೆಳಗೆ ಪ್ರೊಪೆಲ್ಲರ್ ಶಾಫ್ಟ್ ಮೇಲೆ ಒಂದು ಡಾಗ್ ಕ್ಲಚ್ ಇದೆ. ಮುಂದೆ ಒಂದು ಗೇರು, ಹಿಂದೆ ಒಂದು ಗೇರು, ನಡುವೆ ಈ ತುಂಡು ಜಾರುತ್ತದೆ. ಎರಡೂ ಕಡೆ ಗೂಟದಂಥ ಹಲ್ಲು. ಹೋಗಿ ಕಚ್ಚಿಕೊಂಡರೆ ಗೇರು, ನಡುವೆ ನಿಂತರೆ ನ್ಯೂಟ್ರಲ್. ಎಂಜಿನ್ ತಿರುಗಿಸುತ್ತಿರುವಾಗ ಆ ಹಲ್ಲುಗಳು ಒಂದನ್ನೊಂದು ಒತ್ತಿ ಹಿಡಿದಿರುತ್ತವೆ. ಎಳೆದರೆ ಬಿಡುವುದಿಲ್ಲ. ಅದಕ್ಕೇ ಎಂಜಿನ್ ಮೇಲಿನ ಶಿಫ್ಟ್ ಪ್ಲೇಟಿನಲ್ಲಿ ಒಂದು ಪುಟ್ಟ ಸ್ವಿಚ್ ಇಟ್ಟಿದ್ದಾರೆ. ಲಿವರಿಗೆ ಜಾಸ್ತಿ ಭಾರ ಬಿದ್ದ ತಕ್ಷಣ ಅದು ಕ್ಷಣಕಾಲ ಕಿಡಿ ಕಟ್ ಮಾಡುತ್ತದೆ. ಎಂಜಿನ್ ಒಂದು ಉಸಿರು ಬಿಡುತ್ತದೆ, ಹಲ್ಲು ಸಡಿಲ ಆಗುತ್ತದೆ, ಕ್ಲಚ್ ಈಚೆ ಬರುತ್ತದೆ, ಮತ್ತೆ ಕಿಡಿ. ಸರಿ ಇದ್ದಾಗ ನಿಮಗೆ ಗೊತ್ತೇ ಆಗುವುದಿಲ್ಲ.

ಈಗ ಕೇಬಲ್ ಒಳಗೆ ತುಕ್ಕು ಹಿಡಿದು ಬಿಗಿ ಆಗಿದೆ ಅಂದುಕೊಳ್ಳಿ. ಆ ಬಿಗಿಯನ್ನೇ ಸ್ವಿಚ್ ಹಲ್ಲಿನ ಒತ್ತಡ ಅಂತ ತಿಳಿದು ಕಿಡಿ ಕಟ್ ಮಾಡುತ್ತದೆ. ಕೇಬಲ್ ಇನ್ನೂ ಜಗ್ಗುತ್ತಲೇ ಇರುವುದರಿಂದ ಕಿಡಿ ವಾಪಸ್ ಬರುವುದಿಲ್ಲ. ಎಂಜಿನ್ ಬಂದ್.

ಹೀಗೆ ನೋಡಿ. ಎಂಜಿನ್ ಬಂದ್ ಮಾಡಿ. ಶಿಫ್ಟ್ ಪ್ಲೇಟಿನಲ್ಲಿ ಎರಡು ಕೇಬಲ್ ಇವೆ, ಒಂದು ಡ್ರೈವರ್ ಲಿವರಿನಿಂದ ಬರುವುದು, ಇನ್ನೊಂದು ಹಿಂದಕ್ಕೆ ಡ್ರೈವಿಗೆ ಹೋಗುವುದು. ಎರಡನ್ನೂ ಬಿಡಿಸಿ. ಡ್ರೈವಿನ ಕೇಬಲನ್ನು ಬೆರಳಲ್ಲಿ ತಳ್ಳಿ, ಎಳೆಯಿರಿ. ಇನ್ನೊಬ್ಬರು ಪ್ರೊಪೆಲ್ಲರನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸುತ್ತಿರಲಿ, ಇಲ್ಲದಿದ್ದರೆ ಹಲ್ಲಿಗೆ ಹಲ್ಲು ಎದುರಾಗಿ ನಿಂತು ನಿಮಗೆ ಸುಮ್ನೆ ಮೋಸ ಆಗುತ್ತದೆ. ಬೆರಳಿಗೆ ಬಗ್ಗಲಿಲ್ಲ ಅಂದರೆ ಕಾಯಿಲೆ ಪ್ಲೇಟಿನಿಂದ ಹಿಂದೆ ಇದೆ. ಆಮೇಲೆ ಡ್ರೈವ್ ಬಿಚ್ಚಿ ಕೇಬಲ್ ಒಂದನ್ನೇ ಆಡಿಸಿ. ಆಗಲೂ ಬಿಗಿ ಇದ್ದರೆ ಕೇಬಲ್. ಹಗುರ ಆದರೆ ಡ್ರೈವ್ ಒಳಗೆ.

ಕಟಕಟ ಶಬ್ದದ ವಿಷಯ ಬೇರೆ. ಬೋಟ್ ತಿರುಗಿಸುವಾಗ ಮಾತ್ರ ಬಂದರೆ ಯೂನಿವರ್ಸಲ್ ಜಾಯಿಂಟ್, ಅಂದರೆ ಶಾಫ್ಟ್ ಬಾಗುವಲ್ಲಿನ ಕೀಲು. ನೇರ ಹೋಗುವಾಗ, ಭಾರ ಬಿದ್ದಾಗ ಬಂದರೆ ಡಾಗ್ ಹಲ್ಲು ಜಿಗಿಯುತ್ತಿದೆ ಅಂತ ಅರ್ಥ. ತಮ್ಮನ್ನ ಕೇಳಿ.

ಭತ್ತದ ಗದ್ದೆ · ಭಾನುವಾರ ಬೆಳಿಗ್ಗೆ

ಆ ಸ್ವಿಚ್ಚಿನ ವೈರ್ ಕಿತ್ತು ಹಾಕಿದರೆ ಎಂಜಿನ್ ಬಂದ್ ಆಗಲ್ಲ ಅಲ್ವಾ?

ಹಿರಿಯೂರು ಹಿನ್ನೀರು · ಭಾನುವಾರ ಬೆಳಿಗ್ಗೆ

ಬಂದ್ ಆಗುವುದಿಲ್ಲ. ಗೇರಿನಿಂದ ಈಚೆಗೂ ಬರುವುದಿಲ್ಲ. ಜೆಟ್ಟಿ ಹತ್ತಿರ ಬರುತ್ತಿರುವಾಗ ಫಾರ್ವರ್ಡ್‌ನಲ್ಲೇ ಸಿಕ್ಕಿಕೊಂಡರೆ ಏನು ಮಾಡುತ್ತೀರಿ? ಬೋಟಿಗೆ ಬ್ರೇಕ್ ಇಲ್ಲ ಸ್ವಾಮಿ. ರಿವರ್ಸೇ ಬ್ರೇಕ್.

ಪಿಬಿ ರಸ್ತೆ ಗ್ಯಾರೇಜು · ಮಂಗಳವಾರ

ನೀವು ಹೇಳಿದ ಹಾಗೇ ಮಾಡಿದೆ. ಬೆರಳಲ್ಲಿ ಅಲ್ಲ, ಪ್ಲೈಯರ್ ಹಾಕಿ ಎಳೆದರೂ ಕೇಬಲ್ ಮುಲುಗುತ್ತಾ ಬರುತ್ತಿತ್ತು.

ಡ್ರೈವ್ ಇಳಿಸಿದೆ. ಸುತ್ತ ಆರು ನಟ್ಟು. ನೀವು ಫೋನಿನಲ್ಲಿ ಎರಡು ಸಲ ಹೇಳಿದಿರಿ, ಫಾರ್ವರ್ಡ್ ಗೇರಿನಲ್ಲಿ ಇಟ್ಟೇ ಬಿಚ್ಚಬೇಕು ಅಂತ. ಒಳ್ಳೆಯದಾಯಿತು. ಶಿಫ್ಟ್ ಶಾಫ್ಟಿನ ಕೊಕ್ಕೆ ಆ ಸ್ಥಾನದಲ್ಲಿ ಮಾತ್ರ ನೇರ ನಿಂತು ಬಿಟ್ಟುಕೊಳ್ಳುತ್ತದೆ ಅಂತ ಕಣ್ಣಾರೆ ನೋಡಿದ ಮೇಲೆ ಅರ್ಥ ಆಯಿತು. ಬೇರೆ ಗೇರಿನಲ್ಲಿ ಇಟ್ಟು ಸುತ್ತಿಗೆ ತಗೊಂಡಿದ್ದರೆ ಅದೇ ಮುರಿಯುತ್ತಿತ್ತು.

ಡ್ರೈವ್ ಇಳಿದ ಮೇಲೂ ಕೇಬಲ್ ಅಷ್ಟೇ ಬಿಗಿ. ಬೆಲ್ ಹೌಸಿಂಗ್ (ಡ್ರೈವ್ ಬಂದು ಕೂರುವ ಲೋಹದ ಕವಚ) ಹತ್ತಿರ ಬಗ್ಗುವ ಜಾಗದಲ್ಲಿ ಮೇಲಿನ ಪ್ಲಾಸ್ಟಿಕ್ ಕೋಟು ಒಂದು ಇಂಚು ಉದ್ದ ಸೀಳಿದೆ. ಒತ್ತಿದರೆ ಕಾಫಿ ಡಿಕಾಕ್ಷನ್ ತರಹದ ನೀರು ಬಂತು. ಒಳಗಿನ ತಂತಿ ಎಳೆದು ತೆಗೆದೆ. ಅರ್ಧ ಭಾಗ ಹೊಳೆಯುತ್ತದೆ, ಅರ್ಧ ಭಾಗ ಜೋಳದ ದಂಟಿನ ಹಾಗೆ ಉಬ್ಬಿದೆ.

ಇನ್ನೊಂದು ಕಂಡಿತು. ಶಿಫ್ಟ್ ಪ್ಲೇಟಿನ ಲಿವರ್ ಕೂರುವ ಪಿವಟ್ ತೂತು ದುಂಡಗಿಲ್ಲ, ಮೊಟ್ಟೆ ಆಗಿದೆ. ಲಿವರ್ ಹಿಡಿದು ಅಲ್ಲಾಡಿಸಿದರೆ ಆಟ ಇದೆ. ಲಿವರಿನ ಮೇಲೆ ಇಂಗ್ಲಿಷಿನ ವಿ ಅಕ್ಷರದ ತರಹ ಒಂದು ಕಚ್ಚು ಇದೆಯಲ್ಲ, ಸ್ವಿಚ್ಚಿನ ರೋಲರ್ ಅದರ ನಡುವೆ ಕೂರಬೇಕು. ಇದರಲ್ಲಿ ಒಂದು ಪಕ್ಕಕ್ಕೆ ಹತ್ತಿಕೊಂಡೇ ನಿಂತಿದೆ.

ತಮ್ಮನ್ನ ಕೇಳಿದೆ. ಶಬ್ದ ನೇರ ಹೋಗುವಾಗಲೇ ಬರುವುದಂತೆ. ಅಂದರೆ ಎರಡು ಕಾಯಿಲೆ. ಈ ಕೇಬಲನ್ನು ಇಲ್ಲೇ ಬೈಕ್ ಕೇಬಲ್ ಮಾಡುವವರ ಹತ್ತಿರ ಮಾಡಿಸಬಹುದಾ?

ಹಿರಿಯೂರು ಹಿನ್ನೀರು · ಮಂಗಳವಾರ

ಬೇಡ. ಬೈಕ್ ಕೇಬಲ್ ಎಳೆಯುವುದಕ್ಕೆ ಮಾತ್ರ. ಇದು ಎಳೆಯಲೂ ಬೇಕು, ತಳ್ಳಲೂ ಬೇಕು. ಮೇಲಾಗಿ ಇದು ಬೋಟಿನ ಹಿಂದಿನ ಗೋಡೆಯಲ್ಲಿ ನೀರಿನ ಮಟ್ಟದ ಕೆಳಗೆ ಹಾದು ಬರುತ್ತದೆ. ಅದರ ರಬ್ಬರ್ ಬೆಲ್ಲೋಸ್ ಹರಿದರೆ, ಇಲ್ಲವೇ ನಟ್ಟಿಗೆ ಸೀಲಂಟ್ ಹಚ್ಚದೆ ಬಿಗಿದರೆ, ರಾತ್ರಿ ಕಟ್ಟಿದ ಬೋಟ್ ಬೆಳಿಗ್ಗೆ ತಳದಲ್ಲಿ ಇರುತ್ತದೆ. ಕಂಪನಿ ಕಿಟ್ ತರಿಸಿ. ಬೆಲ್ಲೋಸ್, ಕ್ಲ್ಯಾಂಪ್ ಎಲ್ಲ ಹೊಸದು ಹಾಕಿ. ಉಳಿಸುವ ಜಾಗ ಇದಲ್ಲ.

ಪಿವಟ್ ತೂತಿಗೆ ಬುಷ್ (ತೂತಿನೊಳಗೆ ಕೂರುವ ಲೋಹದ ಬಳೆ) ಹಾಕಿಸಬಹುದು. ಅದು ಬೋಟಿನ ಒಳಗೆ, ಒಣ ಜಾಗದಲ್ಲಿದೆ. ದಾವಣಗೆರೆ, ಹರಿಹರದಲ್ಲಿ ಲೇತಿಗೆ ಬರವೇ?

ಟರ್ನರ್ ತಾತ, ಹರಿಹರ · ಬುಧವಾರ

ಮೂರು ದಿನದಿಂದ ಓದುತ್ತಿದ್ದೇನೆ. ಬೋಟ್ ಗೊತ್ತಿಲ್ಲ, ಬುಷ್ ಗೊತ್ತು. 38 ವರ್ಷ ಲೇತಿನ ಮುಂದೆ ನಿಂತವನು. ಮನೆ ಹಿಂದೆ ಈಗಲೂ ನಮ್ಮೂರಲ್ಲೇ ತಯಾರಾದ ಕಿರ್ಲೋಸ್ಕರ್ ಲೇತ್ ಇದೆ, ಬೆಡ್ ಇನ್ನೂ ಕೂದಲೆಳೆ ಸವೆದಿಲ್ಲ.

ಆ ಲಿವರ್, ಪಿನ್ನು ಎರಡನ್ನೂ ತನ್ನಿ. ಬರೀ ತೂತು ನೋಡಿ ಬುಷ್ ಮಾಡುವುದು ತಪ್ಪು, ಪಿನ್ನೂ ಸವೆದಿರುತ್ತದೆ. ತೂತನ್ನು ದುಂಡಗೆ ಬೋರ್ ಮಾಡಿ ಗನ್‌ಮೆಟಲ್ ಬುಷ್ ಒತ್ತುತ್ತೇನೆ, ಒಳಗನ್ನು ಪಿನ್ನಿಗೆ ತಕ್ಕ ಹಾಗೆ ರೀಮರ್ ಹೊಡೆಯುತ್ತೇನೆ. ಸಂಜೆ ಆರರ ಮೇಲೆ ಬನ್ನಿ, ಕರೆಂಟ್ ಇದ್ದರೆ.

ಭತ್ತದ ಗದ್ದೆ · ಬುಧವಾರ

ತಾತ, ಹಾಗಾದರೆ ಆ ಡಾಗ್ ಕ್ಲಚ್ಚನ್ನೂ ನೀವೇ ಮಾಡಬಹುದಲ್ಲ? ನಮ್ಮ ಪವರ್ ಟಿಲ್ಲರ್ ಸ್ಟಿಯರಿಂಗ್ ಕ್ಲಚ್ಚೂ ಇದೇ ತರಹ ಗೂಟದ ಹಲ್ಲಿನದು. ಮಲೇಬೆನ್ನೂರಿನಲ್ಲಿ ಸವೆದ ಹಲ್ಲಿಗೆ ವೆಲ್ಡ್ ತುಂಬಿ ಗ್ರೈಂಡರ್ ಹೊಡೆದು ಕೊಡುತ್ತಾರೆ. ಎರಡು ಹಂಗಾಮು ಆರಾಮಾಗಿ ಬರುತ್ತದೆ. ಸುಮ್ನೆ ಡಾಲರ್ ಯಾಕೆ ಸುರಿಯಬೇಕು?

ಟರ್ನರ್ ತಾತ, ಹರಿಹರ · ಬುಧವಾರ

ಆಕಾರ ನಾನು ತೆಗೆಯಬಲ್ಲೆ. ಗಟ್ಟಿತನ ಎಲ್ಲಿಂದ ತರಲಿ?

ಆ ಹಲ್ಲಿನ ಮೇಲೆ ತೆಳ್ಳಗಿನ ಗಟ್ಟಿ ಚರ್ಮ ಇರುತ್ತದೆ. ಕೇಸ್ ಹಾರ್ಡನಿಂಗ್ ಅಂತೀವಿ. ಒಳಗೆ ಮೆತ್ತಗೆ, ಮೇಲೆ ಗಾಜಿನಷ್ಟು ಗಟ್ಟಿ. ಹೊಡೆತ ಒಳಗಿನದು ತಡೆಯುತ್ತದೆ, ಸವೆತ ಮೇಲಿನದು ತಡೆಯುತ್ತದೆ. ವೆಲ್ಡ್ ಹಾಕಿದ ತಕ್ಷಣ ಸುತ್ತಲಿನ ಚರ್ಮ ಸತ್ತಿತು. ವೆಲ್ಡಿನ ಅಂಚಿನಲ್ಲಿ ಕೂದಲೆಳೆ ಬಿರುಕು ಬಿಡುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಟಿಲ್ಲರಿನಲ್ಲಿ ಆ ಚೂರು ಹಾರಿದರೆ ನೀವು ಕೆಸರಲ್ಲಿ ನಿಂತು ಬೈಯುತ್ತೀರಿ, ಅಷ್ಟೇ. ಬೋಟಿನಲ್ಲಾದರೆ ಆ ಚೂರು ಗೇರಿನ ನಡುವೆ ಬೀಳುತ್ತದೆ. ನಾನು ಮಾಡಿಕೊಡುವುದಿಲ್ಲ. ಬುಷ್‌ಗೆ ಬನ್ನಿ, ಕ್ಲಚ್ಚಿಗೆ ಬರಬೇಡಿ.

ಭತ್ತದ ಗದ್ದೆ · ಬುಧವಾರ

ಒಪ್ಪಿದೆ ತಾತ. ಆದರೂ ನಮ್ಮ ಟಿಲ್ಲರ್ ಓಡುತ್ತಿದೆ. 🙂

ಕೋಟೆನಾಡು · ಗುರುವಾರ

ರಿಪೇರಿ ಮಾತಿನ ನಡುವೆ ಒಂದು ಮಾತು. ಟ್ರಯಲ್‌ಗೆ ಸೂಳೆಕೆರೆಗೋ ಮಾರಿಕಣಿವೆಗೋ ತಂದು ಇಳಿಸಬೇಡಿ. ಅದು ಕುಡಿಯುವ ನೀರು. ಸವೆದ ಸೀಲಿನ ಡ್ರೈವ್ ಅಂದರೆ ಗೇರ್ ಆಯಿಲ್ ನೀರಿಗೆ ಹೋಗುತ್ತದೆ ಅಂತಲೇ ಲೆಕ್ಕ.

ಹಿರಿಯೂರು ಹಿನ್ನೀರು · ಗುರುವಾರ

ಸರಿಯಾದ ಮಾತು. 1933 ಆದ ಮೇಲೆ 2022ರಲ್ಲಿ ವಾಣಿವಿಲಾಸ ಸಾಗರ (ಅದೇ ಮಾರಿಕಣಿವೆ) ಕೋಡಿ ಬಿದ್ದಾಗ ಹಿರಿಯೂರಿನಲ್ಲಿ ಎಲ್ಲರಿಗೂ ಬೋಟಿನ ಹುಚ್ಚು ಹಿಡಿದಿತ್ತು. ನನ್ನ ಹತ್ತಿರವೇ ನಾಲ್ಕು ಜನ ಕೇಳಿಕೊಂಡು ಬಂದರು. ಅನುಮತಿ ಇಲ್ಲದೆ ಇಳಿಸುವ ಹಾಗಿಲ್ಲ ಅಂತ ವಾಪಸ್ ಕಳಿಸಿದೆ. ಎಂಜಿನ್ ಇರುವ ಬೋಟಿಗೆ 2021ರ ಒಳನಾಡು ಹಡಗು ಕಾಯ್ದೆ ಪ್ರಕಾರ ನೋಂದಣಿಯೂ ಬೇಕು. ಶೆಡ್ಡಿನಲ್ಲೇ ಡ್ರೈವಿಗೆ ಇಯರ್‌ಮಫ್ (ನೀರು ಸೇದುವ ತೂತಿನ ಮೇಲೆ ಕೂರುವ ರಬ್ಬರ್ ಬಟ್ಟಲು) ಹಾಕಿ, ಪೈಪಲ್ಲಿ ನೀರು ಕೊಟ್ಟು ಓಡಿಸಿ ನೋಡಬಹುದು. ನೀರು ಕೊಡದೆ ಮಾತ್ರ ಸ್ಟಾರ್ಟ್ ಮಾಡಬೇಡಿ, ಪಂಪಿನ ರಬ್ಬರ್ ಇಂಪೆಲ್ಲರ್ ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ಪಿಬಿ ರಸ್ತೆ ಗ್ಯಾರೇಜು · ಮುಂದಿನ ಸೋಮವಾರ

ಗೇರ್‌ಕೇಸ್ ಬಿಚ್ಚಿದೆ. ಎಲ್ಲ ನಟ್ಟು ತೆಗೆದ ಮೇಲೂ ಮೇಲಿನ ಭಾಗ, ಕೆಳಗಿನ ಭಾಗ ಬೇರೆ ಆಗಲಿಲ್ಲ. ಮರದ ತುಂಡಿಟ್ಟು ಬಡಿದೆ, ಬೆವರಿದೆ. ಆಮೇಲೆ ಗೊತ್ತಾಯಿತು, ಪ್ರೊಪೆಲ್ಲರ್ ಮೇಲಿನ ಟ್ರಿಮ್ ಟ್ಯಾಬ್ (ಪುಟ್ಟ ರೆಕ್ಕೆ) ತೆಗೆದರೆ ಅದರ ಹಿಂದೆ ಒಂದು ಬೋಲ್ಟ್ ಅಡಗಿ ಕೂತಿದೆ. ಮುಂದೆ ಬಿಚ್ಚುವವರು ಮೊದಲು ಅದನ್ನು ತೆಗೆಯಿರಿ.

ಆಯಿಲ್ ಹಾಲು ಬೆರೆಸಿದ ಹಾಗಿರಲಿಲ್ಲ, ಅಂದರೆ ಒಳಗೆ ನೀರು ಹೋಗಿಲ್ಲ. ಅದೊಂದು ಪುಣ್ಯ. ಡ್ರೈನ್ ಪ್ಲಗ್ಗಿನ ಅಯಸ್ಕಾಂತದ ಮೇಲೆ ಬೂದಿ ತರಹದ ಪುಡಿ ಇತ್ತು, ಅದು ಮಾಮೂಲು. ಅದರ ಜೊತೆ ಅಕ್ಕಿ ನುಚ್ಚಿನಷ್ಟು ದಪ್ಪದ ಎರಡು ಚೂರು. ಅದು ಮಾಮೂಲಲ್ಲ.

ಬೇರಿಂಗ್ ಕ್ಯಾರಿಯರಿನ (ಪ್ರೊಪೆಲ್ಲರ್ ಶಾಫ್ಟಿನ ಬೇರಿಂಗ್ ಹಿಡಿಯುವ ಭಾಗ) ದೊಡ್ಡ ನಟ್ಟು ಉಪ್ಪು ನೀರಿಗೆ ಕಚ್ಚಿಕೊಂಡಿತ್ತು. ಬಿಚ್ಚುವ ದಿಕ್ಕಿಗೆ ಬಾಣದ ಗುರುತು ಅದರ ಮೇಲೇ ಇದೆ. ಟೂಲ್ ಇರಲಿಲ್ಲ. ತಾತ ಹಳೇ ಪೈಪಿನ ತುದಿಗೆ ಕಚ್ಚು ಕೊಯ್ದು ಒಂದು ಮಾಡಿಕೊಟ್ಟರು. ಬಾಗಿದ ವಾಷರ್ ಕಿವಿ ನೇರ ಮಾಡಿ, ಹೊರಗಿನ ಅಲ್ಯೂಮಿನಿಯಂ ಬಿಸಿ ಮಾಡಿ, ನಾಲ್ಕಡಿ ರಾಡ್ ಹಾಕಿ ಇಬ್ಬರು ಜೋತುಬಿದ್ದಾಗ ಪಟಾಕಿ ಸಿಡಿದ ಹಾಗೆ ಶಬ್ದ ಮಾಡಿ ಬಿಟ್ಟಿತು. ನಟ್ಟಲ್ಲ, ಕೇಸೇ ಒಡೆಯಿತು ಅಂದುಕೊಂಡು ಜೀವ ಬಾಯಿಗೆ ಬಂದಿತ್ತು.

ಕ್ಲಚ್ ಈಗ ಕೈಯಲ್ಲಿದೆ. ಅದರ ಸುತ್ತ ತೆಳ್ಳಗಿನ ಸ್ಪ್ರಿಂಗ್, ಒಳಗೆ ಅಡ್ಡ ಪಿನ್ನು. ರಿವರ್ಸ್ ಕಡೆಯ ಹಲ್ಲಿನ ಅಂಚಿಗೆ ಉಗುರು ಎಳೆದರೆ ಉಗುರು ಹೆರೆಯುತ್ತದೆ. ಫಾರ್ವರ್ಡ್ ಕಡೆಗೆ ಎಳೆದರೆ ಜಾರುತ್ತದೆ, ನೆಕ್ಕಿದ ಪೆಪ್ಪರ್‌ಮೆಂಟಿನ ಹಾಗೆ ದುಂಡಗೆ. ಎರಡು ಹಲ್ಲಿನ ಮೂಲೆ ಇಲ್ಲವೇ ಇಲ್ಲ. ಆ ನುಚ್ಚು ಇಲ್ಲಿಂದಲೇ ಬಂದದ್ದು.

ಒಳಗೆ ಟಾರ್ಚ್ ಬಿಟ್ಟು ಫಾರ್ವರ್ಡ್ ಗೇರ್ ನೋಡಿದೆ. ಅದರ ಹಲ್ಲಿನ ಮೂಲೆಯೂ ಸ್ವಲ್ಪ ಹೊಳೆಯುತ್ತಿದೆ, ಸ್ವಲ್ಪ ದುಂಡಗಿದೆ. ಕ್ಲಚ್ ಒಂದನ್ನೇ ಬದಲಿಸಿದರೆ ಸಾಕಾ? ಪಿನಿಯನ್ (ಮೇಲಿನಿಂದ ಬರುವ ಶಾಫ್ಟಿನ ತುದಿಯ ಚಿಕ್ಕ ಗೇರು) ತೆಗೆಯದೆ ಆ ಗೇರ್ ಹೊರಗೆ ಬರುವುದಿಲ್ಲ, ಅದು ಬೇರೆ ರಾಮಾಯಣ.

ಹಿರಿಯೂರು ಹಿನ್ನೀರು · ಸೋಮವಾರ ರಾತ್ರಿ

ನೀವು ಕೇಳಬೇಕೆಂದಿರುವ ಉತ್ತರ ನನಗೆ ಗೊತ್ತು. ಕೊಡಲು ಆಗುವುದಿಲ್ಲ.

ದುಂಡಗಾದ ಗೇರಿಗೆ ಹೊಸ ಕ್ಲಚ್ ಹಾಕಿದರೆ ಇಳಿಜಾರಿನ ಮೇಲೆ ಇಳಿಜಾರು ಕೂತ ಹಾಗೆ. ಭಾರ ಬಿದ್ದಾಗ ಮತ್ತೆ ಜಾರುತ್ತದೆ, ಹೊಸದನ್ನೂ ತಿಂದು ಹಾಕುತ್ತದೆ. ಹಳೇ ಬೈಕಿನ ಗೇರ್ ಜಿಗಿಯುವಾಗ ಒಂದೇ ಗೇರ್ ಬದಲಿಸಿ ಕೈ ಸುಟ್ಟುಕೊಂಡವರು ಇಲ್ಲಿ ಎಷ್ಟು ಜನ ಇಲ್ಲ? ಫಾರ್ವರ್ಡ್ ಗೇರು, ಪಿನಿಯನ್ ಜೋಡಿಯಾಗಿ ತರಿಸಿ. ಒಂದು ಹಳೆಯದು ಒಂದು ಹೊಸದು ಮಾಡಬೇಡಿ. ತರಿಸುವ ಮೊದಲು ಡ್ರೈವಿನ ಸೀರಿಯಲ್ ನಂಬರು, ಗೇರ್ ಅನುಪಾತ ಎರಡನ್ನೂ ಬರೆದುಕೊಳ್ಳಿ. ಕಣ್ಣಳತೆಯಲ್ಲಿ ಎಲ್ಲ ಆಲ್ಫಾಗಳೂ ಒಂದೇ ತರಹ ಕಾಣುತ್ತವೆ.

ಪಿನಿಯನ್ ಎತ್ತರ ಶಿಮ್ (ತೆಳ್ಳಗಿನ ಲೋಹದ ಬಿಲ್ಲೆ) ಹಾಕಿ ಹೊಂದಿಸಬೇಕು. ಅಳೆಯುವ ಟೂಲಿಗೂ ಪಿನಿಯನ್ ಹಲ್ಲಿಗೂ ನಡುವೆ 0.025 ಇಂಚು ಫೀಲರ್ ಗೇಜ್ (ಸಂದು ಅಳೆಯುವ ತೆಳ್ಳಗಿನ ಪಟ್ಟಿ) ಆಡಬೇಕು, ಅಂದರೆ 0.64 ಮಿಲಿಮೀಟರ್. ಟೂಲ್ ನನ್ನ ಹತ್ತಿರ ಇದೆ. ಪಾರ್ಟ್ಸ್ ಬಂದಾಗ ಹೇಳಿ, ಒಂದು ಭಾನುವಾರ ಬರುತ್ತೇನೆ. ಬೆಣ್ಣೆ ದೋಸೆ ನಿಮ್ಮ ಖರ್ಚು.

ಪಿಬಿ ರಸ್ತೆ ಗ್ಯಾರೇಜು · ಐದು ವಾರದ ಮೇಲೆ

ತಡ ಆಯಿತು. ಮೊದಲು ಆರ್ಡರ್ ಮಾಡಿದ ಅಂಗಡಿಯವರು ಸೀರಿಯಲ್ ನಂಬರ್ ಕೇಳಲೇ ಇಲ್ಲ. ನಾನೇ ಕೊಟ್ಟರೂ "ಎಲ್ಲಾ ಒಂದೇ ಸಾರ್" ಅಂದರು. ಬಂದದ್ದು ಎರಡನೇ ತಲೆಮಾರಿನ ಸೀಲ್ ಕಿಟ್. ಕೂರಲಿಲ್ಲ. ವಾಪಸ್ ತಗೊಳ್ಳಲೂ ಇಲ್ಲ. ಮೊಳೆಗೆ ನೇತು ಹಾಕಿದ್ದೇನೆ, ಯಾರಿಗಾದರೂ ಬೇಕಿದ್ದರೆ ಬನ್ನಿ.

ಗೇರ್ ಜೋಡಿ, ಕ್ಲಚ್, ಕೇಬಲ್ ಕಿಟ್ ಬೇರೆ ಕಡೆಯಿಂದ ಬಂತು. ಸುಂಕ ಸೇರಿ ಎಷ್ಟಾಯಿತು ಅಂತ ಇಲ್ಲಿ ಬರೆಯುವುದಿಲ್ಲ, ತಮ್ಮನ ಹೆಂಡತಿ ಓದುತ್ತಾಳೆ.

ಹಿರಿಯೂರಿನವರು ಹೇಳಿದ ಹಾಗೆ ಬಂದರು. ಬೆಳಿಗ್ಗೆ ಒಂಬತ್ತಕ್ಕೆ ಕೂತವರು ಮೂರು ಸಲ ಪಿನಿಯನ್ ಹಾಕಿ ತೆಗೆದು ಶಿಮ್ ಬದಲಿಸಿದರು. ಮೂರನೇ ಸಲ ಗೇಜ್ ಒಳಗೆ ಹೋಗುವಾಗ ಮಾತಾಡಬೇಡಿ ಅಂತ ಕೈ ತೋರಿಸಿದರು. ಬೆಣ್ಣೆ ಮೇಲೆ ಚಾಕು ಎಳೆದ ಹಾಗೆ, ಬಿಗಿಯೂ ಅಲ್ಲ, ಸಡಿಲವೂ ಅಲ್ಲ. ಪಿನಿಯನ್ ನಟ್ಟು ಹೊಸದು. ಕ್ಲಚ್ಚಿನ ಸ್ಪ್ರಿಂಗ್ ಸುತ್ತುವಾಗ ಸುರುಳಿ ಒಂದರ ಮೇಲೊಂದು ಹತ್ತಬಾರದು ಅಂತ ನನ್ನ ಕೈಲಿ ಎರಡು ಸಲ ಬಿಚ್ಚಿಸಿ ಹಾಕಿಸಿದರು.

ತಾತನ ಬುಷ್ ಬಗ್ಗೆ ಹೇಳಲೇಬೇಕು. ಪಿನ್ನಿಗೆ ಒಂದು ಹನಿ ಎಣ್ಣೆ ಹಚ್ಚಿ ಲಿವರ್ ಹಾಕಿದೆ. ತನ್ನ ಭಾರಕ್ಕೆ ತಾನೇ ಮೆಲ್ಲಗೆ ಇಳಿಯಿತು, ಪಕ್ಕಕ್ಕೆ ಅಲ್ಲಾಡಿಸಿದರೆ ಕದಲಲಿಲ್ಲ. ರೋಲರ್ ಈಗ ಕಚ್ಚಿನ ನಟ್ಟ ನಡುವೆ ಕೂತಿದೆ. ಮ್ಯಾನ್ಯುಯಲ್ ನೋಡಿ ಕೇಬಲ್ ಅಳತೆ ಹೊಂದಿಸಿದೆ.

ಶೆಡ್ಡಿನಲ್ಲಿ ನೀರು ಕೊಟ್ಟು ಓಡಿಸಿ ಇಪ್ಪತ್ತು ಸಲ ಗೇರ್ ಹಾಕಿ ತೆಗೆದೆ. ಎರಡು ಬೆರಳಲ್ಲಿ ಬರುತ್ತದೆ. ಒಂದೇ ಸಲ ಬಂದ್ ಆಯಿತು, ಐಡಲ್ ಕಡಿಮೆ ಇತ್ತು, ಏರಿಸಿದೆ. ಆದರೆ ಶೆಡ್ಡಿನಲ್ಲಿ ಪ್ರೊಪೆಲ್ಲರಿಗೆ ಭಾರ ಇಲ್ಲ. ಕಟಕಟ ಹೋಯಿತಾ ಅನ್ನುವುದು ಕಾರವಾರದಲ್ಲೇ ಗೊತ್ತಾಗಬೇಕು.

ಹಿರಿಯೂರು ಹಿನ್ನೀರು · ಅದೇ ದಿನ

ತಮ್ಮನಿಗೆ ಒಂದು ಹೇಳಿ. ಗೇರ್ ಮೆಲ್ಲಗೆ ಹಾಕಬಾರದು. ಎಲ್ಲರೂ ಮರ್ಯಾದೆಯಿಂದ ಮೆಲ್ಲಗೆ ತಳ್ಳುತ್ತಾರೆ, ಹಲ್ಲು ಹಲ್ಲಿನ ಮೂಲೆಗೆ ತಾಗಿ ಕರಕರ ಅಂತ ಸವೆಯುವುದು ಅದರಿಂದಲೇ. ಐಡಲ್‌ನಲ್ಲಿ ಇಟ್ಟು, ಒಂದೇ ಏಟಿಗೆ ಟಕ್ ಅಂತ ಹಾಕಬೇಕು. ಉಪ್ಪು ನೀರಿಗೆ ಹೋಗುವ ಬೋಟು, ಆನೋಡ್ (ಡ್ರೈವಿನ ಬದಲು ತಾನು ಸವೆಯುವ ಲೋಹದ ತುಂಡು) ಸತುವಿನದ್ದೋ ಅಲ್ಯೂಮಿನಿಯಂನದ್ದೋ ಹಾಕಿಸಿ. ಮೆಗ್ನೀಸಿಯಂ ಸಿಹಿನೀರಿಗೆ ಮಾತ್ರ.

ಪಿಬಿ ರಸ್ತೆ ಗ್ಯಾರೇಜು · ಹತ್ತು ದಿನದ ಮೇಲೆ

ಕಾರವಾರಕ್ಕೆ ಹೋಗಿ ಬಂದೆ. ಕಾಳಿ ನದಿಯಲ್ಲಿ ಇಳಿಸಿದೆವು. ಮೊದಲ ಅರ್ಧ ಗಂಟೆ ನಾನು ಬೋಟಿನ ಹಿಂದೆ ಬಗ್ಗಿ ಕೇಬಲ್ ಬರುವ ಜಾಗದಲ್ಲಿ ಪೇಪರ್ ಹಿಡಿದುಕೊಂಡೇ ಕೂತಿದ್ದೆ. ಒಣಗಿತ್ತು. ತಮ್ಮ ಪೂರ್ತಿ ಎಕ್ಸಲರೇಟರ್ ಕೊಟ್ಟ. ಕಟಕಟ ಇಲ್ಲ. ನೀರಿನ ಶಬ್ದ ಮಾತ್ರ.

ಜೆಟ್ಟಿಗೆ ಬರುವಾಗ ಮತ್ತೆ ಮೆಲ್ಲಗೆ, ಮದುವೆ ಮನೆಯಲ್ಲಿ ಪಾಯಸ ಬಡಿಸುವವನ ಹಾಗೆ ರಿವರ್ಸ್ ಹಾಕಿದ. ಬೈದೆ. ಎರಡನೇ ಸಲ ಟಕ್ ಅಂತ ಹಾಕಿದ.

ಟರ್ನರ್ ತಾತ, ಹರಿಹರ · ಅದೇ ರಾತ್ರಿ

ಹಳೇ ಕ್ಲಚ್ ಬಿಸಾಡಬೇಡಿ. ಗಟ್ಟಿ ಚರ್ಮ ಎಷ್ಟು ಆಳ ಇದೆ ಅಂತ ಕೊಯ್ದು ನೋಡಬೇಕು.

ಭತ್ತದ ಗದ್ದೆ · ಅದೇ ರಾತ್ರಿ

ನನ್ನ ಟಿಲ್ಲರಿನದ್ದೂ ಒಂದು ತರಲಾ ತಾತ? ನಿನ್ನೆ ಹಾರಿತು.